ಬೋಲ್ಟ್ ಮುರಿದದ್ದು ಬಿಗಿದವನ ಕೈಯಿಂದಲ್ಲ

ನಮ್ಮ ಕಡೆ ಯಾವ ಊರಿನ ವೆಲ್ಡಿಂಗ್ ಅಂಗಡಿಗೆ ಹೋದರೂ ಮೂಲೆಯಲ್ಲಿ ಒಂದು ಆಸಿಡ್ ಕ್ಯಾನ್ ಇರುತ್ತದೆ. ಬಚ್ಚಲು, ಟೈಲ್ಸ್ ತೊಳೆಯಲು ಬಾಟಲಿಯಲ್ಲಿ ಸಿಗುತ್ತದಲ್ಲ, ಅದೇ ಜಾತಿಯದು. ಪೂರ್ತಿ ಹೆಸರು ಹೈಡ್ರೋಕ್ಲೋರಿಕ್ ಆಸಿಡ್. ತುಕ್ಕು ಹಿಡಿದ ನಟ್ಟು, ಬಿಳಿ ಬೂದಿ ಕಟ್ಟಿದ ಜಿಐ ಪೈಪಿನ ತುಂಡು, ಗುಜರಿಯಿಂದ ತಂದ ಹಳೇ ಬೋಲ್ಟು, ಏನೇ ಇರಲಿ, ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ಮೇಲೆ ಆಸಿಡ್ ಸುರಿದರೆ ಬುಸುಬುಸು ನೊರೆ ಏಳುತ್ತದೆ. ಸ್ವಲ್ಪ ಹೊತ್ತಿಗೆ ಸಾಮಾನು ಬೆಳ್ಳಗಾಗಿ ಹೊರಗೆ ಬರುತ್ತದೆ. ಒರೆಸಿ ಬಣ್ಣ ಹೊಡೆದರೆ ಹೊಸದೇ.

ಮೊಬೈಲಿನಲ್ಲಿ ಇಂಥ ವಿಡಿಯೋ ಬೇಕಾದಷ್ಟಿವೆ. ನೊರೆ ಏಳುವುದನ್ನು ತೋರಿಸುತ್ತಾರೆ, ಹೊಳೆಯುವ ಬೋಲ್ಟನ್ನು ಕ್ಯಾಮೆರಾ ಮುಂದೆ ಹಿಡಿಯುತ್ತಾರೆ, ಅಲ್ಲಿಗೆ ವಿಡಿಯೋ ಮುಗಿಯುತ್ತದೆ. ಆ ಬೋಲ್ಟು ಮುಂದೆ ಏನಾಯಿತು ಎಂಬುದನ್ನು ಯಾರೂ ತೋರಿಸುವುದಿಲ್ಲ. ಈ ಬರಹ ಆ ಮುಂದಿನ ಭಾಗದ ಬಗ್ಗೆ. ಮನೆಯಲ್ಲಿ ಟ್ರ್ಯಾಕ್ಟರ್, ರಾಶಿ ಮಷಿನ್, ಹಿಟ್ಟಿನ ಗಿರಣಿ, ಪಂಪ್‌ಸೆಟ್ ಯಾವುದಾದರೂ ಇದ್ದರೆ ದಯವಿಟ್ಟು ಕೊನೆತನಕ ಓದಿ.

ನನಗೆ ಈ ವಿಷಯ ತಲೆಗೆ ಹೊಕ್ಕಿದ್ದು ನನ್ನ ಸೋದರಮಾವನ ಅಂಗಡಿಯಲ್ಲಿ. ಗದಗ ಜಿಲ್ಲೆಯ ಒಂದು ಹಳ್ಳಿಯಲ್ಲಿ ಮಾವನದು ಟ್ರ್ಯಾಕ್ಟರ್ ಸಾಮಾನು, ರಾಶಿ ಮಷಿನ್ ರಿಪೇರಿ ಮಾಡುವ ಅಂಗಡಿ. ಎರಡು ವರ್ಷದ ಹಿಂದೆ ಕಡಲೆ ರಾಶಿಯ ಹೊತ್ತು. ಪಕ್ಕದೂರಿನವರೊಬ್ಬರು ಮಷಿನ್ ತಂದು ನಿಲ್ಲಿಸಿದ್ದರು. ಅದರ ದೊಡ್ಡ ಪುಲ್ಲಿಯನ್ನು ಶಾಫ್ಟಿನ ಹಬ್ಬಿಗೆ ಹಿಡಿದಿಡುವುದು ಆರು ಆಲನ್ ಬೋಲ್ಟು. ಬೋಲ್ಟ್‌ಗಳ ಮೇಲಿನ ಸತುವಿನ ಲೇಪ ಬಿಳಿ ಪುಡಿಯಾಗಿ ಎದ್ದಿತ್ತು. ಮಷಿನ್ ಮಾಲೀಕರು ವಿಡಿಯೋ ನೋಡಿ ಆರನ್ನೂ ಮನೆಯಲ್ಲೇ ರಾತ್ರಿಯಿಡೀ ಆಸಿಡ್‌ನಲ್ಲಿ ನೆನೆಸಿ, ತೊಳೆದು, ಕರಿ ಬಣ್ಣ ಹೊಡೆದು ತಂದಿದ್ದರು. ಕೆಲಸಕ್ಕಿದ್ದ ಹುಡುಗ ಸಂಜೆ ಅವನ್ನು ಬಿಗಿದ. ಮಾವ ಕೈ ಹಾಕಿ ನೋಡಿ ಸರಿ ಇದೆ ಅಂದ. ಅಂಗಡಿ ಮುಚ್ಚಿದರು.

ಮರುದಿನ ಬೆಳಿಗ್ಗೆ ಬಾಗಿಲು ತೆಗೆದರೆ ಎರಡು ಬೋಲ್ಟಿನ ತಲೆ ನೆಲದ ಮೇಲೆ ಬಿದ್ದಿದ್ದವು. ಮಷಿನ್ ಚಾಲೂ ಆಗಿರಲಿಲ್ಲ. ಯಾರೂ ಮುಟ್ಟಿರಲಿಲ್ಲ. ರಾತ್ರಿ ಬೀಗ ಹಾಕಿದ ಅಂಗಡಿಯೊಳಗೆ ತಾವೇ ಮುರಿದು ಬಿದ್ದಿದ್ದವು.

ಮಾಲೀಕರು ಬಂದವರೇ ಹುಡುಗನ ಮೇಲೆ ಹಾರಿದರು. "ಪೈಪ್ ಹಾಕಿ ಜಗ್ಗ್ಯಾನ ನೋಡ್ರಿ ಇಂವಾ. ಅಷ್ಟ ಬಿಗದ್ರ ಮುರೀದಽ ಏನ್ ಮಾಡತೈತಿ?"

"ಅಣ್ಣಾರ, ನಾ ಬರೇ ಆಲನ್ ಕೀ ಹಚ್ಚೇನ್ರಿ. ಪೈಪ್ ಹಾಕಿಲ್ರಿ," ಅಂದ ಹುಡುಗ. ಹತ್ತೊಂಬತ್ತರ ಹುಡುಗ, ಅಂಗಡಿಗೆ ಸೇರಿ ನಾಲ್ಕು ತಿಂಗಳಾಗಿತ್ತು. ಬೋಲ್ಟಿನ ದುಡ್ಡು ಅವನ ಪಗಾರದಲ್ಲಿ ಹಿಡಿಯಬೇಕು, ಇಂಥವನನ್ನು ಇಟ್ಟುಕೊಳ್ಳಬಾರದು ಎಂಬಲ್ಲಿಗೆ ಮಾತು ಹೋಯಿತು.

ಮಾವ ಓದಿದ್ದು ಏಳನೇ ತರಗತಿ. ಆದರೆ ಮೂವತ್ತು ವರ್ಷ ಕಬ್ಬಿಣದ ಜೊತೆ ಬದುಕಿದವನು. ಮುರಿದ ತಲೆಯನ್ನು ಅಂಗೈಯಲ್ಲಿಟ್ಟುಕೊಂಡು ಒಂದೇ ಮಾತು ಅಂದ: "ಬಿಗಿಯು ಮುಂದ ಮುರದ್ರ ಬಿಗದವನ ತಪ್ಪು. ರಾತ್ರಿ ತಾನಽ ಮುರದ್ರ ಅದು ಯಾರ ತಪ್ಪು?"

ನನಗೆ ಆ ಪ್ರಶ್ನೆ ಬಿಡಲಿಲ್ಲ. ಪತ್ರಿಕೋದ್ಯಮ ಓದುವಾಗ ಏನು, ಯಾರು, ಎಲ್ಲಿ, ಯಾವಾಗ, ಏಕೆ, ಹೇಗೆ ಎಂದು ಕೇಳಲು ಕಲಿಸುತ್ತಾರೆ. ಮಾವ ಅದರಲ್ಲಿ 'ಯಾವಾಗ' ಎಂಬುದನ್ನು ಹಿಡಿದಿದ್ದ. ಎರಡೂ ತಲೆಗಳನ್ನು ಕಾಗದದಲ್ಲಿ ಸುತ್ತಿಕೊಂಡು, ಪಾಲಿಟೆಕ್ನಿಕ್‌ನಲ್ಲಿ ಪಾಠ ಮಾಡಿ ನಿವೃತ್ತರಾದ ಒಬ್ಬ ಮೇಷ್ಟ್ರ ಬಳಿ ಹೋದೆ.

ಅವರು ಮೂರೇ ಪ್ರಶ್ನೆ ಕೇಳಿದರು. ತಲೆಯ ಮೇಲೆ ಯಾವ ನಂಬರ್ ಇದೆ? ಯಾವುದರಲ್ಲಿ ತೊಳೆದಿದ್ದರು? ಬಿಗಿದ ಎಷ್ಟು ಹೊತ್ತಿನ ಮೇಲೆ ಮುರಿಯಿತು?

ನಂಬರ್ 12.9. ತೊಳೆದದ್ದು ಆಸಿಡ್‌ನಲ್ಲಿ. ಮುರಿದದ್ದು ಕೆಲವು ಗಂಟೆಗಳ ಮೇಲೆ.

ಮೇಷ್ಟ್ರು ಮುರಿದ ಮುಖವನ್ನು ಬಿಸಿಲಿಗೆ ಹಿಡಿದು ನನಗೂ ತೋರಿಸಿದರು. ಜಗ್ಗಿ ಹರಿದ ಕಬ್ಬಿಣ ಮುರಿಯುವ ಮೊದಲು ಸ್ವಲ್ಪ ಎಳೆದುಕೊಂಡಿರುತ್ತದೆ, ನಡು ಸಣ್ಣಗಾಗಿರುತ್ತದೆ, ಮುರಿದ ಜಾಗ ಮಂಕಾಗಿರುತ್ತದೆ. ಇದು ಹಾಗಿರಲಿಲ್ಲ. ಎಲ್ಲೂ ಎಳೆದಿಲ್ಲ, ಸಣ್ಣಗಾಗಿಲ್ಲ. ಸಕ್ಕರೆ ಹರಳು ಒಡೆದ ಹಾಗೆ ಕಣಕಣವಾಗಿ ಮಿನುಗುತ್ತಿತ್ತು. "ಮೈಕ್ರೋಸ್ಕೋಪಿನಲ್ಲಿ ನೋಡದೆ ನೂರಕ್ಕೆ ನೂರು ಅನ್ನೋದಿಲ್ಲ. ಆದರೆ ಮೂರೂ ಗುರುತು ಕೂಡ್ಯಾವ. ಉಕ್ಕಿನ ಒಳಗ ಹೈಡ್ರೋಜನ್ ಹೊಕ್ಕೈತಿ," ಅಂದರು.

ಇದನ್ನು ಇಂಗ್ಲಿಷಿನಲ್ಲಿ ಹೈಡ್ರೋಜನ್ ಎಂಬ್ರಿಟಲ್‌ಮೆಂಟ್ ಅನ್ನುತ್ತಾರೆ. ನಮ್ಮ ಮಾತಿನಲ್ಲಿ ಹೇಳುವುದಾದರೆ, ಹೈಡ್ರೋಜನ್ ಹೊಕ್ಕು ಉಕ್ಕು ಪೆಡಸಾಗುವುದು. ಪೆಡಸು ಅಂದರೆ ಬಾಗದೆ ಚಟ್ಟನೆ ಮುರಿಯುವುದು. ಬಿಸಿ ರೊಟ್ಟಿಗೂ ಖಡಕ್ ರೊಟ್ಟಿಗೂ ಇರುವ ವ್ಯತ್ಯಾಸ ನೆನಪು ಮಾಡಿಕೊಳ್ಳಿ. ಹಿಟ್ಟು ಒಂದೇ. ಬಿಸಿ ರೊಟ್ಟಿ ಮಡಚಿದರೆ ಮಡಚಿಕೊಳ್ಳುತ್ತದೆ, ಖಡಕ್ ರೊಟ್ಟಿ ಮುಟ್ಟಿದರೆ ಮುರಿಯುತ್ತದೆ.

ಇದು ಹೇಗಾಗುತ್ತದೆ ನೋಡಿ. ಸತುವಿನ ಮೇಲೆ ಆಸಿಡ್ ಬಿದ್ದಾಗ ಸತು ಕರಗುತ್ತದೆ, ಆಸಿಡ್‌ನಲ್ಲಿದ್ದ ಹೈಡ್ರೋಜನ್ ಬಿಡುಗಡೆಯಾಗುತ್ತದೆ. ಬಿಡುಗಡೆಯಾದ ಪರಮಾಣುಗಳು ಎರಡೆರಡು ಜೋಡಿಯಾಗಿ ಗಾಳಿಯ ಗುಳ್ಳೆಯಾಗಿ ಮೇಲೆ ಹೋಗುತ್ತವೆ. ನಮಗೆ ಕಾಣುವ ನೊರೆ ಅದೇ. ಆದರೆ ಎಲ್ಲವೂ ಜೋಡಿಯಾಗುವುದಿಲ್ಲ. ಒಂಟಿಯಾಗಿ ಉಳಿದ ಕೆಲವು ಉಕ್ಕಿನ ಮೈಯೊಳಗೆ ನುಸುಳುತ್ತವೆ. ಹೈಡ್ರೋಜನ್ ಪರಮಾಣು ಬಹಳ ಸಣ್ಣದು. ನಮ್ಮ ಕಣ್ಣಿಗೆ ಗಟ್ಟಿ ಗೋಡೆಯಂತೆ ಕಾಣುವ ಉಕ್ಕು ಅದಕ್ಕೆ ತಂತಿ ಬೇಲಿ ಇದ್ದ ಹಾಗೆ.

ಒಳಗೆ ಹೋದದ್ದು ಅಲ್ಲೇ ಸುಮ್ಮನೆ ಕೂರುವುದಿಲ್ಲ. ಬೋಲ್ಟನ್ನು ಬಿಗಿದಾಗ ಎಲ್ಲಿ ಎಳೆತ ಹೆಚ್ಚೋ ಅಲ್ಲಿಗೆ ನಿಧಾನವಾಗಿ ಸರಿದು ಹೋಗುತ್ತದೆ. ಬೋಲ್ಟಿನಲ್ಲಿ ಎಳೆತ ಹೆಚ್ಚು ಇರುವುದು ಎರಡು ಕಡೆ: ತಲೆಯ ಕೆಳಗಿನ ಮೂಲೆ ಮತ್ತು ಮರೆಯ, ಅಂದರೆ ಥ್ರೆಡ್ಡಿನ, ತಳ. ಅಲ್ಲಿ ಸೇರಿ ಉಕ್ಕಿನ ಕಣಗಳ ನಡುವಿನ ಹಿಡಿತ ಸಡಿಲ ಮಾಡುತ್ತದೆ. ಕೂದಲೆಳೆಯಂಥ ಬಿರುಕು ಹುಟ್ಟುತ್ತದೆ, ಬೆಳೆಯುತ್ತದೆ, ಒಂದು ಹೊತ್ತಿನಲ್ಲಿ ಚಟ್ ಅನ್ನುತ್ತದೆ. ಸರಿಯುವುದಕ್ಕೆ ಸಮಯ ಬೇಕಾದ್ದರಿಂದಲೇ ಬಿಗಿಯುವಾಗ ಏನೂ ಆಗುವುದಿಲ್ಲ. ಕೆಲವು ಗಂಟೆ ಬಿಟ್ಟು, ಒಮ್ಮೊಮ್ಮೆ ಕೆಲವು ದಿನ, ವಾರ ಬಿಟ್ಟು ಮುರಿಯುತ್ತದೆ. ಮಾವನ ಪ್ರಶ್ನೆಗೆ ಉತ್ತರ ಇಲ್ಲಿತ್ತು.

ಇದಕ್ಕೆ ಹೈಡ್ರೋಜನ್ ಬಹಳ ಬೇಕಾಗಿಲ್ಲ. ಗಟ್ಟಿ ಉಕ್ಕಿನಲ್ಲಿ ತೂಕದ ಹತ್ತು ಲಕ್ಷ ಪಾಲಿಗೆ ಕೆಲವೇ ಪಾಲು ಸಾಕು. ಹೊರಗಿನಿಂದ ಕಣ್ಣಿಗೆ ಏನೂ ಕಾಣುವುದಿಲ್ಲ. ಬೋಲ್ಟು ಹೊಳೆಯುತ್ತಲೇ ಇರುತ್ತದೆ.

"ಹಂಗಾದ್ರ ನಾವು ಇಷ್ಟು ವರ್ಷ ಜಿಐ ಪೈಪು, ಆಂಗಲ್ ಎಲ್ಲಾ ಆಸಿಡ್‌ನಾಗ ತೊಳದೇವಿ. ಅವು ಯಾಕ ಮುರೀಲಿಲ್ಲ?" ಎಂದು ಮಾವ ಆಮೇಲೆ ಕೇಳಿದ. ಇದು ಒಳ್ಳೆಯ ಪ್ರಶ್ನೆ. ಇಡೀ ವಿಷಯದ ಕೀಲಿ ಇದರಲ್ಲೇ ಇದೆ.

ಪೈಪು, ಆಂಗಲ್, ಪಟ್ಟಿ, ತಗಡು ಇವೆಲ್ಲ ಮೆತ್ತನೆ ಉಕ್ಕು. ಎಳೆತ ಹೆಚ್ಚಾದ ಕಡೆ ಅದು ಸ್ವಲ್ಪ ಬಾಗಿ, ಸ್ವಲ್ಪ ಹಿಗ್ಗಿ ಭಾರವನ್ನು ಹಂಚಿಕೊಳ್ಳುತ್ತದೆ. ಹೈಡ್ರೋಜನ್ ಹೊಕ್ಕರೂ ಅದಕ್ಕೆ ಬಿರುಕು ಎಬ್ಬಿಸಲು ಸುಲಭಕ್ಕೆ ಜಾಗ ಸಿಗದು. ಕಾಸಿ, ತಣಿಸಿ, ಹದ ಮಾಡಿ ಗಟ್ಟಿಗೊಳಿಸಿದ ಉಕ್ಕು ಬಾಗುವುದಿಲ್ಲ. ಅದರ ಶಕ್ತಿಯೇ ಅದು. ಆ ಶಕ್ತಿಯೇ ಇಲ್ಲಿ ಅದರ ದೌರ್ಬಲ್ಯ. ಉಕ್ಕು ಗಟ್ಟಿಯಾದಷ್ಟೂ ಆಸಿಡ್ ಸ್ನಾನ ಅದಕ್ಕೆ ಅಪಾಯ. ಗಟ್ಟಿ ಬೋಲ್ಟಿಗೆ ಏನೂ ಆಗುವುದಿಲ್ಲ, ಮೆತ್ತನೆಯದು ಹಾಳಾಗುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ಈ ಒಂದು ವಿಷಯದಲ್ಲಿ ಲೆಕ್ಕ ಉಲ್ಟಾ.

ಯಾವುದು ಗಟ್ಟಿ ಎಂದು ತಿಳಿಯುವುದು ಹೇಗೆ? ಬೋಲ್ಟಿನ ತಲೆ ಓದಿ. 8.8, 10.9, 12.9 ಎಂದು ಅಚ್ಚು ಹಾಕಿರುತ್ತಾರೆ. ಚುಕ್ಕೆಯ ಮೊದಲಿನ ಅಂಕಿಯನ್ನು ಹತ್ತರಿಂದ ಗುಣಿಸಿದರೆ, ಒಂದು ಚದರ ಮಿಲಿಮೀಟರ್ ಉಕ್ಕು ಹರಿಯುವ ಮುನ್ನ ಹೆಚ್ಚೂಕಡಿಮೆ ಎಷ್ಟು ಕೆಜಿ ಎಳೆತ ತಡೆಯುತ್ತದೆ ಎಂದು ಸಿಗುತ್ತದೆ. 8.8 ಅಂದರೆ ಸುಮಾರು 80 ಕೆಜಿ. 10.9 ಅಂದರೆ ಸುಮಾರು 100. 12.9 ಅಂದರೆ ಸುಮಾರು 120. ಚುಕ್ಕೆಯ ನಂತರದ 8 ಅಥವಾ 9 ಹೇಳುವುದು, ಆ ಶಕ್ತಿಯ ನೂರಕ್ಕೆ 80 ಅಥವಾ 90ರಷ್ಟು ಎಳೆತದ ತನಕ ಅದು ಶಾಶ್ವತವಾಗಿ ಹಿಗ್ಗುವುದಿಲ್ಲ ಎಂದು. ಮಾಮೂಲಿ ಮೆತ್ತನೆ ಬೋಲ್ಟು 4.6.

ಈ ಅಪಾಯ ಜೋರಾಗುವುದು 10.9ರಿಂದ ಮೇಲೆ. 12.9 ಅಂತೂ ಆಸಿಡ್ ಹತ್ತಿರವೂ ಸುಳಿಯಬಾರದು. ಅಂಗಡಿಯಲ್ಲಿ 12.9ರ ಆಲನ್ ಬೋಲ್ಟು ಹೆಚ್ಚಾಗಿ ಕಪ್ಪಗೇ ಸಿಗುವುದನ್ನು ನೀವು ನೋಡಿರಬಹುದು. ಅದಕ್ಕೂ ಇದೇ ಕಾರಣ. ಸತು ಹತ್ತಿಸುವ ಕೆಲಸದಲ್ಲೂ ಆಸಿಡ್ ತೊಳೆತ ಇರುತ್ತದೆ, ಕರೆಂಟ್ ಹಾಯಿಸಿ ಲೇಪ ಹತ್ತಿಸುವಾಗಲೂ ಹೈಡ್ರೋಜನ್ ಹುಟ್ಟುತ್ತದೆ. ಅದಕ್ಕಾಗಿ ಇಷ್ಟು ಗಟ್ಟಿ ಬೋಲ್ಟಿಗೆ ಆ ಗೊಡವೆಯೇ ಬೇಡ ಎಂದು ಕಪ್ಪು ಬಣ್ಣ ಬರಿಸಿ ಎಣ್ಣೆ ಹಚ್ಚಿ ಕೊಡುತ್ತಾರೆ.

ನಂಬರ್ ಇಲ್ಲದ ಗಟ್ಟಿ ಸಾಮಾನೂ ಇವೆ. ಸ್ಪ್ರಿಂಗು, ಸ್ಪ್ರಿಂಗ್ ವಾಷರ್, ಶಾಫ್ಟಿನ ಮೇಲೆ ಕೂರುವ ಲಾಕ್ ರಿಂಗು, ಭಾರ ಎತ್ತುವ ಸರಪಳಿ, ಕಮಾನು ಪಟ್ಟಿ. ಇವೆಲ್ಲ ಹದ ಮಾಡಿದ ಗಟ್ಟಿ ಉಕ್ಕು. ಇವನ್ನೂ ಆಸಿಡ್‌ಗೆ ಹಾಕಬಾರದು. ಸತು ಬಳಿದ ಸ್ಪ್ರಿಂಗ್ ವಾಷರ್ ಬಿಗಿದ ಮರುದಿನ ಎರಡು ತುಂಡಾಗಿ ಬಿದ್ದದ್ದನ್ನು ಎಷ್ಟೋ ಮೆಕ್ಯಾನಿಕ್‌ಗಳು ನೋಡಿದ್ದಾರೆ. "ಮಾಲ್ ಸರಿ ಇಲ್ಲ" ಎಂದು ಎಸೆಯುತ್ತಾರೆ, ಅಷ್ಟೇ.

ಮೇಷ್ಟ್ರು ಹೇಳಿದ ಒಂದು ಹಳೆಯ ಕತೆ ನನಗೆ ಇಷ್ಟವಾಯಿತು. ಇದನ್ನು ಮೊದಲು ಕಂಡು ಬರೆದಿಟ್ಟವರಲ್ಲಿ ವಿಲಿಯಂ ಎಚ್. ಜಾನ್ಸನ್ ಎಂಬ ಇಂಗ್ಲೆಂಡಿನವರು ಮುಖ್ಯರು. 1875ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಅವರ ಬರಹ ಬಂತು. ಕಬ್ಬಿಣದ ತಂತಿಯನ್ನು ಕೆಲವು ನಿಮಿಷ ಆಸಿಡ್‌ನಲ್ಲಿಟ್ಟು ತೆಗೆದರೆ ಅದು ಬಾಗುವ ಗುಣ ಕಳೆದುಕೊಳ್ಳುತ್ತದೆ ಎಂದು ಅವರು ತೋರಿಸಿದರು. ಮುರಿದ ತುದಿಯನ್ನು ಒದ್ದೆ ಮಾಡಿದರೆ ಅಲ್ಲಿಂದ ಸಣ್ಣ ಸಣ್ಣ ಗುಳ್ಳೆ ಏಳುತ್ತಿದ್ದವು. ಆಸಿಡ್‌ನಿಂದ ತೆಗೆದ ಮೇಲೂ ಒಳಗಿನಿಂದ ಹೈಡ್ರೋಜನ್ ಹೊರಗೆ ಬರುತ್ತಿತ್ತು. ಸ್ವಲ್ಪ ಕಾಲ ಬಿಟ್ಟರೆ, ಇಲ್ಲವೇ ಕಾಯಿಸಿದರೆ, ತಂತಿಗೆ ಮತ್ತೆ ಮೊದಲಿನ ಗುಣ ಬರುತ್ತದೆ ಎಂಬುದನ್ನೂ ಕಂಡರು. ನೂರೈವತ್ತು ವರ್ಷದ ಹಿಂದಿನ ಮಾತು ಇದು. ಇವತ್ತಿಗೂ ಕಾರ್ಖಾನೆಗಳು ಮಾಡುವ ಉಪಾಯ ಅದೇ, ಕಾಯಿಸುವುದು.

ಇಷ್ಟು ಹಳೆಯ ವಿಷಯ ದೊಡ್ಡ ದೊಡ್ಡ ಎಂಜಿನಿಯರ್‌ಗಳನ್ನೂ ಬಿಟ್ಟಿಲ್ಲ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಮತ್ತು ಓಕ್‌ಲ್ಯಾಂಡ್ ನಡುವಿನ ಬೇ ಬ್ರಿಡ್ಜ್‌ಗೆ ಪೂರ್ವದ ಕಡೆ ಹೊಸ ಸೇತುವೆ ಕಟ್ಟುತ್ತಿದ್ದರು. 2013ರ ಮಾರ್ಚ್‌ನಲ್ಲಿ ಅದರ ಒಂದು ಕಂಬದ ಮೇಲೆ 96 ಉಕ್ಕಿನ ರಾಡುಗಳನ್ನು ಎಳೆದು ಬಿಗಿದರು. ಮೂರು ಇಂಚು ದಪ್ಪದ, ಸತು ಲೇಪದ, ಗಟ್ಟಿ ಉಕ್ಕಿನ ರಾಡುಗಳು. ಬಿಗಿದ ಕೆಲವೇ ದಿನಗಳಲ್ಲಿ ಒಂದಾದ ಮೇಲೊಂದರಂತೆ 32 ಮುರಿದವು. ಇಲ್ಲಿ ಹೈಡ್ರೋಜನ್ ಬಂದದ್ದು ರಾಡು ನಿಂತ ಕುಳಿಗಳಲ್ಲಿ ವರ್ಷಗಟ್ಟಲೆ ನಿಂತಿದ್ದ ನೀರಿನಿಂದ ಎಂದು ಮುಂದಿನ ಪರೀಕ್ಷೆಗಳು ಬೊಟ್ಟು ಮಾಡಿದವು. ಕೊನೆಗೆ ಆ ರಾಡುಗಳ ಕೆಲಸ ಮಾಡಲು ಬೇರೆಯೇ ಉಕ್ಕಿನ ಕಟ್ಟು ಹಾಕಬೇಕಾಯಿತು. ಗಟ್ಟಿ ಉಕ್ಕು, ಹೈಡ್ರೋಜನ್, ಎಳೆತ, ಈ ಮೂರು ಒಂದೇ ಕಡೆ ಸೇರಿದರೆ ಸೇತುವೆಯಾದರೂ ಒಂದೇ, ರಾಶಿ ಮಷಿನ್ ಆದರೂ ಒಂದೇ.

ಹಾಗಾದರೆ ನಾವು ಏನು ಮಾಡಬೇಕು? ಮಾವನ ಅಂಗಡಿಯಲ್ಲಿ ಈಗ ನಡೆಯುವ ರೀತಿ ಹೇಳುತ್ತೇನೆ.

ಮೊದಲನೆಯದು, ಗಟ್ಟಿ ಬೋಲ್ಟಿನ ಸತು ಕೆಟ್ಟಿದ್ದರೆ ಅದನ್ನು ತೆಗೆಯುವ ಉಸಾಬರಿಗೇ ಹೋಗುವುದಿಲ್ಲ. ಅದೇ ನಂಬರಿನ, ಅದೇ ಅಳತೆಯ ಹೊಸ ಬೋಲ್ಟು ಹಾಕುತ್ತಾರೆ. ಒಂದು ಬೋಲ್ಟಿನ ಬೆಲೆ ಒಂದು ಊಟದ ಬೆಲೆಗಿಂತ ಹೆಚ್ಚಾಗುವುದು ಅಪರೂಪ. 12.9 ಇದ್ದಲ್ಲಿ 4.6 ಹಾಕಿ ಕೆಲಸ ಸಾಗಿಸುವುದೂ ಬೇಡ. ಅದು ಇನ್ನೊಂದು ರೀತಿಯ ಅಪಾಯ.

ಎರಡನೆಯದು, ಹೊಸದು ಸಿಗದ ಸಾಮಾನು, ಸತು ತೆಗೆಯಲೇಬೇಕು ಎಂದಾದರೆ ಕೈಯಿಂದ ತೆಗೆಯುವುದು. ತಂತಿ ಬ್ರಷ್, ಉಪ್ಪುಕಾಗದ, ಪೇಟೆಯಲ್ಲಾದರೆ ಮರಳು ಸಿಡಿಸುವ ಬ್ಲಾಸ್ಟಿಂಗ್. ಉಜ್ಜಿದರೆ ಹೈಡ್ರೋಜನ್ ಹುಟ್ಟುವುದಿಲ್ಲ. ಬೋಲ್ಟಿನ ಮೇಲಿನ ಸತುವಿನ ಲೇಪ ಸಾಮಾನ್ಯವಾಗಿ 5ರಿಂದ 12 ಮೈಕ್ರಾನ್. ತಲೆಗೂದಲಿಗಿಂತ ಎಷ್ಟೋ ತೆಳು. ಉಜ್ಜಲು ಅಷ್ಟೇನೂ ಹೊತ್ತು ಬೇಡ. ಮೂಗಿಗೆ ಬಟ್ಟೆಯಲ್ಲ, ಸರಿಯಾದ ಮಾಸ್ಕ್ ಹಾಕಿಕೊಳ್ಳಿ.

ಮೂರನೆಯದು, ಗ್ಯಾಸ್ ಕಟ್ಟರ್ ಹಚ್ಚಿ ಸತು ಸುಡುವುದು ಬೇಡ. ಸತು ಸುಮಾರು 420 ಡಿಗ್ರಿಗೆ ಕರಗುತ್ತದೆ, ಇನ್ನೂ ಕಾಯಿಸಿದರೆ ಬಿಳಿ ಹೊಗೆಯಾಗುತ್ತದೆ. ಅಷ್ಟು ಕಾವಿಗೆ ಗಟ್ಟಿ ಬೋಲ್ಟಿನ ಹದವೇ ಇಳಿದುಹೋಗುತ್ತದೆ. ಆ ಹೊಗೆ ಕುಡಿದವರಿಗೆ ಸಂಜೆಗೆ ಚಳಿ, ಜ್ವರ, ಮೈಕೈ ನೋವು. ಜಿಐ ವೆಲ್ಡಿಂಗ್ ಮಾಡುವವರಿಗೆ ಇದು ಹೊಸದಲ್ಲ. ಹಾಲು ಕುಡಿದರೆ ಹೋಗುತ್ತದೆ ಅನ್ನುತ್ತಾರೆ. ಹೊಗೆ ಹೋಗುವುದು ಶ್ವಾಸಕೋಶಕ್ಕೆ, ಹಾಲು ಹೋಗುವುದು ಹೊಟ್ಟೆಗೆ. ಬಯಲಿನಲ್ಲಿ, ಗಾಳಿಗೆ ಬೆನ್ನು ಮಾಡಿ ಕೆಲಸ ಮಾಡುವುದು, ವೆಲ್ಡಿಂಗ್ ಮಾಡುವ ಜಾಗದ ಸತುವನ್ನು ಮೊದಲೇ ಉಜ್ಜಿ ತೆಗೆಯುವುದು, ಇವು ಹಾಲಿಗಿಂತ ಮೇಲು.

ನಾಲ್ಕನೆಯದು, ಪೈಪು, ಆಂಗಲ್‌ನಂಥ ಮೆತ್ತನೆ ಉಕ್ಕಿಗೆ ಆಸಿಡ್ ಬಳಸಲೇಬೇಕಾದರೆ ರಾತ್ರಿಯಿಡೀ ಬಿಡಬೇಡಿ. ಜೋರು ನೊರೆ ನಿಂತಿತೆಂದರೆ ಸತು ಮುಗಿಯಿತು ಎಂದರ್ಥ. ತಕ್ಷಣ ತೆಗೆಯಿರಿ. ಆಮೇಲೆ ಆಸಿಡ್ ತಿನ್ನುವುದು ಉಕ್ಕನ್ನೇ. ನೀರಿಗೆ ಆಸಿಡ್ ಹಾಕಿ, ಆಸಿಡ್‌ಗೆ ನೀರು ಹಾಕಬೇಡಿ. ಏಳುವ ಗುಳ್ಳೆ ಬೆಂಕಿ ಹಿಡಿಯುವ ಗಾಳಿ, ಹತ್ತಿರ ಬೀಡಿ ಹಚ್ಚಬೇಡಿ. ಬ್ಲೀಚಿಂಗ್ ಪೌಡರ್ ಜೊತೆ ಸೇರಿಸಬೇಡಿ, ವಿಷದ ಗಾಳಿ ಏಳುತ್ತದೆ. ಕನ್ನಡಕ, ಕೈಗವಸು ಇರಲಿ. ತೆಗೆದ ಸಾಮಾನನ್ನು ಚೆನ್ನಾಗಿ ನೀರಿನಲ್ಲಿ ತೊಳೆದು, ವಾಷಿಂಗ್ ಸೋಡಾ ಕದಡಿದ ನೀರಿನಲ್ಲಿ ಅದ್ದಿ ಒಣಗಿಸಿ. ಉಳಿದ ಆಸಿಡ್‌ನಲ್ಲಿ ಸತು ಕರಗಿರುತ್ತದೆ. ಅದನ್ನು ಹಳ್ಳಕ್ಕೆ, ಬಾವಿ ಕಡೆಗೆ, ದನ ನೀರು ಕುಡಿಯುವ ಕಡೆಗೆ ಚೆಲ್ಲಬೇಡಿ.

ಕೆಲವರು ಆಸಿಡ್ ಬದಲು ವಿನೆಗರ್, ನಿಂಬೆರಸ ಬಳಸಿ ಅನ್ನುತ್ತಾರೆ. ಮೆತ್ತನೆ ಸಾಮಾನಿಗೆ ಅಡ್ಡಿಯಿಲ್ಲ. ಆದರೆ ಅಡುಗೆಮನೆಯ ವಸ್ತು ಎಂದ ಮಾತ್ರಕ್ಕೆ ಗಟ್ಟಿ ಬೋಲ್ಟಿಗೆ ನಿರಪಾಯ ಅಲ್ಲ. ಹುಳಿ ಇದ್ದಲ್ಲಿ ಸತು ಕರಗುತ್ತದೆ, ಸತು ಕರಗಿದಲ್ಲಿ ಹೈಡ್ರೋಜನ್ ಹುಟ್ಟುತ್ತದೆ. ಕಾಸ್ಟಿಕ್ ಸೋಡಾದಲ್ಲಿ ಕರಗಿಸಿದರೂ ಹೈಡ್ರೋಜನ್ ಏಳುತ್ತದೆ. ಅದನ್ನು ಮನೆಯಲ್ಲಿ ಮಾಡಿ ನೋಡುವ ಕೆಲಸವಲ್ಲ.

ಐದನೆಯದು, ಪೇಟೆಯ ಪ್ಲೇಟಿಂಗ್ ಅಂಗಡಿಗೆ ಕೊಟ್ಟು ಹಳೇ ಸತು ತೆಗೆಸಿ ಹೊಸದು ಹಾಕಿಸುವುದಾದರೆ ಎರಡು ಮಾತು ಕೇಳಿ. "ಇದು 10.9, ಗೊತ್ತಲ್ರಿ?" ಎಂದು ಮೊದಲೇ ಹೇಳಿ. "ಬೇಕಿಂಗ್ ಮಾಡ್ತೀರಾ?" ಎಂದು ಕೇಳಿ. ಲೇಪ ಹಾಕಿದ ನಾಲ್ಕು ಗಂಟೆಯೊಳಗೆ ಓವನ್ನಿಗೆ ಹಾಕಿ, 190ರಿಂದ 220 ಡಿಗ್ರಿ ಕಾವಿನಲ್ಲಿ ಹಲವು ಗಂಟೆ ಇಡುವುದಕ್ಕೆ ಬೇಕಿಂಗ್ ಅನ್ನುತ್ತಾರೆ. ಕನಿಷ್ಠ ನಾಲ್ಕು ಗಂಟೆ ಅನ್ನುವವರಿದ್ದಾರೆ, ಉಕ್ಕು ಗಟ್ಟಿಯಾದಷ್ಟೂ ಹೆಚ್ಚು ಹೊತ್ತು, 24 ಗಂಟೆಯ ತನಕವೂ ಇಡುತ್ತಾರೆ. ಆ ಕಾವಿಗೆ ಒಳಗಿನ ಹೈಡ್ರೋಜನ್ ಹೊರಗೆ ಸರಿಯುತ್ತದೆ, ಇಲ್ಲವೇ ತೊಂದರೆ ಕೊಡದ ಜಾಗದಲ್ಲಿ ಸಿಕ್ಕಿಕೊಳ್ಳುತ್ತದೆ. ಆದರೆ ಒಮ್ಮೆ ಬಿರುಕು ಹುಟ್ಟಿದರೆ ಎಷ್ಟು ಕಾಯಿಸಿದರೂ ಅದು ಕೂಡುವುದಿಲ್ಲ. ಹಾಲಿಗೆ ಹುಳಿ ಬಿದ್ದ ಮೇಲೆ ಕಾಯಿಸಿ ಏನು ಫಲ? ಬಿಗಿಯುವ ಮುನ್ನವೇ ಕಾಯಿಸಬೇಕು.

ಮನೆಯ ಒಲೆಯ ಮೇಲೆ ಅಂದಾಜಿಗೆ ಕಾಯಿಸುವುದು ಇದಕ್ಕೆ ಬದಲಲ್ಲ. ಕಾವು ಕಡಿಮೆಯಾದರೆ ಉಪಯೋಗವಿಲ್ಲ, ಹೆಚ್ಚಾದರೆ ಹದ ಹೋಗುತ್ತದೆ. ಯಾರೋ ಆಸಿಡ್‌ನಲ್ಲಿ ಅದ್ದಿದ್ದಾರೆ ಎಂದು ಗೊತ್ತಾದ 10.9, 12.9 ಬೋಲ್ಟನ್ನು ಮತ್ತೆ ಬಳಸದಿರುವುದೇ ಒಳ್ಳೆಯದು. ಕಾರ್ಖಾನೆಗಳಲ್ಲಿ ಇಂಥ ಬೋಲ್ಟ್‌ಗಳ ಮಾದರಿ ತೆಗೆದು, ಬಿಗಿದು, 48 ಗಂಟೆ ಹಾಗೇ ಇಟ್ಟು ಮುರಿಯುತ್ತವೆಯೇ ನೋಡುವ ಪರೀಕ್ಷೆಯೇ ಇದೆ. ಬಿಗಿದ ತಕ್ಷಣ ಗಟ್ಟಿ ಇದೆ ಅನ್ನುವ ಮಾತಿಗೆ ಅವರೂ ಬೆಲೆ ಕೊಡುವುದಿಲ್ಲ.

ಆ ಆರು ಬೋಲ್ಟುಗಳಲ್ಲಿ ಉಳಿದ ನಾಲ್ಕನ್ನು ಮಾವ ಅವತ್ತೇ ಬಿಚ್ಚಿದ. ಗುಜರಿಗೆ ಹಾಗೇ ಹಾಕಿದರೆ ಮತ್ತೆ ಯಾರದೋ ಮಷಿನ್‌ಗೆ ಹೋಗುತ್ತವೆ ಎಂದು ಗ್ರೈಂಡರ್ ಹಚ್ಚಿ ನಾಲ್ಕನ್ನೂ ನಡುವಿಗೆ ಕತ್ತರಿಸಿದ. ಹೊಸ ಆರು ಬೋಲ್ಟಿನ ದುಡ್ಡನ್ನು ಮಾಲೀಕರೇ ಕೊಟ್ಟರು. ಹುಡುಗನಿಗೆ ಅವರು ಏನೂ ಹೇಳಲಿಲ್ಲ. ಮಾವ ಮಾತ್ರ ಹೊಸ ಬೋಲ್ಟು ಬಿಗಿಯಲು ಕೀಲಿಯನ್ನು ಅವನ ಕೈಗೇ ಕೊಟ್ಟ.

ನಾನು ಆಮೇಲೆ ಬಹಳ ಸಲ ಯೋಚಿಸಿದ್ದು ಆ ಎರಡು ತಲೆ ರಾತ್ರಿ ಬೀಳದೆ ಮರುದಿನ ಮಧ್ಯಾಹ್ನ ಬಿದ್ದಿದ್ದರೆ ಎಂದು. ರಾಶಿ ಮಷಿನ್ ಸುತ್ತ ಎಂಟ್ಹತ್ತು ಜನ ನಿಂತಿರುತ್ತಾರೆ. ಒಬ್ಬರು ಸಿವುಡು ಕೊಡುತ್ತಾರೆ, ಒಬ್ಬರು ಹಾಕುತ್ತಾರೆ, ಹೆಣ್ಣುಮಕ್ಕಳು ಕಾಳು ತುಂಬುತ್ತಾರೆ, ಹೊಟ್ಟಿನ ಗುಡ್ಡೆಯ ಮೇಲೆ ಹುಡುಗರು ಆಡುತ್ತಿರುತ್ತಾರೆ. ಎರಡು ಬೋಲ್ಟು ಹೋದರೆ ಉಳಿದ ನಾಲ್ಕರ ಮೇಲೆ ಭಾರ. ಆ ನಾಲ್ಕೂ ಅದೇ ಆಸಿಡ್ ಕುಡಿದವು. ತಿರುಗುವ ಪುಲ್ಲಿ ಹಬ್ಬಿನಿಂದ ಬಿಟ್ಟುಬಂದರೆ ಯಾರ ಕಡೆ ಹೋಗುತ್ತಿತ್ತು ಎಂದು ಹೇಳುವವರಿಲ್ಲ.

ಆಗ ಸುದ್ದಿ ಏನೆಂದು ಬರುತ್ತಿತ್ತು ಎಂಬುದೂ ನನಗೆ ಗೊತ್ತು. ಟ್ರ್ಯಾಕ್ಟರ್ ಪಲ್ಟಿಯಾದರೆ "ಚಾಲಕನ ನಿಯಂತ್ರಣ ತಪ್ಪಿ" ಎಂದು ಬರೆಯುವುದು ರೂಢಿ. ಮಷಿನ್‌ಗೆ ಸಿಕ್ಕು ಕೈ ಹೋದರೆ "ಆಕಸ್ಮಿಕವಾಗಿ" ಎಂದು ಬರೆಯುವುದು ರೂಢಿ. ತಪ್ಪು ಯಾವಾಗಲೂ ಕೊನೆಗೆ ಮುಟ್ಟಿದ ಕೈಯದು. ಓಡಿಸಿದವನು, ಬಿಗಿದವನು, ಹತ್ತಿರ ನಿಂತವನು. ಅವನೋ ಬಹುತೇಕ ಬಡವ, ದಿನಗೂಲಿಯವನು, ಉತ್ತರ ಹೇಳಲು ಬಾಯಿಲ್ಲದವನು. ಮುರಿದ ತುಂಡನ್ನು ಎತ್ತಿ ನೋಡುವವರು ಕಡಿಮೆ. ಅದರ ತಲೆಯ ನಂಬರ್ ಏನು, ಅದು ಹಿಂದಿನ ದಿನ ಯಾವ ಡಬ್ಬಿಯಲ್ಲಿ ಮುಳುಗಿತ್ತು ಎಂದು ಕೇಳುವವರು ಇನ್ನೂ ಕಡಿಮೆ.

ಹಳ್ಳಿಯಿಂದ ಬರೆಯುವ ನಮ್ಮಂಥವರು ಕೇಳಬಹುದಾದ ಪ್ರಶ್ನೆಗಳಿವು. ದೊಡ್ಡ ಯಂತ್ರ ಬೇಡ, ಲ್ಯಾಬ್ ಬೇಡ. ಮುರಿದ ತುಂಡು ಎಸೆಯದೆ ಇಟ್ಟುಕೊಳ್ಳಿ, ತುಕ್ಕು ಹತ್ತದಂತೆ ಒಣ ಕಾಗದದಲ್ಲಿ ಸುತ್ತಿ. ಮುರಿದ ಎರಡು ಮುಖಗಳನ್ನು ಮತ್ತೆ ಸೇರಿಸಿ ಉಜ್ಜಬೇಡಿ. ಬಿಗಿದದ್ದು ಯಾವಾಗ, ಮುರಿದದ್ದು ಯಾವಾಗ ಬರೆದಿಡಿ. ಹತ್ತಿರದ ಐಟಿಐ, ಪಾಲಿಟೆಕ್ನಿಕ್, ಎಂಜಿನಿಯರಿಂಗ್ ಕಾಲೇಜಿನಲ್ಲಿ ನೋಡಿ ಹೇಳುವವರು ಒಬ್ಬರಾದರೂ ಇರುತ್ತಾರೆ.

ಈ ಸುಗ್ಗಿಗೆ ಮಷಿನ್ ಹೊರಗೆ ತೆಗೆಯುವ ಮುನ್ನ ಒಂದು ಕೆಲಸ ಮಾಡಿ. ಈಗ ಕೈಯಲ್ಲಿರುವ ಇದೇ ಮೊಬೈಲಿನ ಟಾರ್ಚ್ ಹಚ್ಚಿ, ತಿರುಗುವ ಪ್ರತಿ ಪುಲ್ಲಿಯ, ಟ್ರೇಲರ್ ಕೊಂಡಿಯ, ಚಕ್ರದ ಬೋಲ್ಟ್‌ಗಳ ತಲೆ ಓದಿ. 10.9, 12.9 ಕಂಡರೆ ಅವನ್ನು ಯಾರು, ಯಾವುದರಲ್ಲಿ ತೊಳೆದಿದ್ದಾರೆ ಎಂದು ಕೇಳಿ. ಆಸಿಡ್ ಅಂದರೆ ಬದಲಿಸಿ.